ಹೊರಬರುವ ತೀರ್ಮಾನಕ್ಕೆ ಮತ ಕೇಳಿದರು, ಹೊರಬಂದ ಮೇಲಿನ ವ್ಯಾಪಾರಕ್ಕೆ ಯಾರನ್ನು ಕೇಳಿದರು? ಬ್ರೆಕ್ಸಿಟ್ ಮಾತುಕತೆಗಳ ಬಗ್ಗೆ ಒಂದು ಚರ್ಚೆ

ತುಂಗಾತೀರ, ರೆಡಿಂಗ್

2016ರ ಜೂನ್ 23ರಂದು, ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರುವ ಬ್ರೆಕ್ಸಿಟ್ ಕುರಿತ ಜನಮತಗಣನೆಯಲ್ಲಿ ನಾನು ಮತ ಹಾಕಿದಾಗ ನನ್ನ ಬಳಿ ಇದ್ದದ್ದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಕಾರಣ ಆ ಜನಮತಗಣನೆಯಲ್ಲಿ ನನಗೆ ಹಕ್ಕಿತ್ತು. ನಮ್ಮ ಪಕ್ಕದ ಮನೆಯಲ್ಲಿ ನನಗಿಂತ ಎಷ್ಟೋ ವರ್ಷ ಮೊದಲೇ ಬಂದು ನೆಲೆಸಿದ್ದ ಜರ್ಮನಿಯ ಮಹಿಳೆಗೆ ಆ ಹಕ್ಕಿರಲಿಲ್ಲ. ಅವರ ಬದುಕನ್ನು ನನಗಿಂತ ಹೆಚ್ಚು ಬದಲಿಸಲಿದ್ದ ತೀರ್ಮಾನಕ್ಕೆ ನಾನು ಪಾಲುದಾರನಾದೆ ಎಂಬ ಸಂಗತಿ ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ. ಅದಕ್ಕಾಗಿಯೇ ಈ ವಿಷಯವನ್ನು ಇಲ್ಲಿ ಎತ್ತುತ್ತಿದ್ದೇನೆ.

ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ, ಹೊರಬರಬೇಕೋ. ಶೇ 51.9 ಮಂದಿ ಹೊರಬರೋಣ ಎಂದರು, ಶೇ 48.1 ಮಂದಿ ಉಳಿಯೋಣ ಎಂದರು. ಅಲ್ಲಿಗೆ ಆ ಪ್ರಶ್ನೆ ಮುಗಿಯಿತು, ನಾನು ಅದನ್ನು ಮತ್ತೆ ಕೆದಕುತ್ತಿಲ್ಲ. ಆದರೆ ಹೊರಬಂದವರು ಎಷ್ಟು ದೂರ ಹೋಗಿ ನಿಲ್ಲಬೇಕು ಎಂಬುದು ಮತಪತ್ರದಲ್ಲಿ ಇರಲಿಲ್ಲ. ನಾರ್ವೆ ಒಕ್ಕೂಟದ ಸದಸ್ಯ ದೇಶವಲ್ಲ. ಆದರೂ ಏಕ ಮಾರುಕಟ್ಟೆಯೊಳಗೆ (ಸರಕು, ಸೇವೆ, ಬಂಡವಾಳ, ಜನ ಒಂದೇ ನಿಯಮದಡಿ ಅಡೆತಡೆಯಿಲ್ಲದೆ ಓಡಾಡುವ ವ್ಯವಸ್ಥೆಯೊಳಗೆ) ಇದೆ, ಅದಕ್ಕಾಗಿ ಹಣ ಕೊಡುತ್ತದೆ, ಜನರ ಮುಕ್ತ ಓಡಾಟವನ್ನು ಒಪ್ಪುತ್ತದೆ, ತನ್ನ ಮತವಿಲ್ಲದೆ ರೂಪುಗೊಂಡ ನಿಯಮಗಳನ್ನೂ ಪಾಲಿಸುತ್ತದೆ. ಟರ್ಕಿಯು ಕೈಗಾರಿಕಾ ಸರಕುಗಳ ಮಟ್ಟಿಗೆ ಕಸ್ಟಮ್ಸ್ ಒಕ್ಕೂಟದಲ್ಲಿದೆ (ಅಂದರೆ ಹೊರಗಿನ ದೇಶಗಳ ಸರಕಿಗೆ ಎಲ್ಲರೂ ಒಂದೇ ಸುಂಕ ವಿಧಿಸುವ ಕೂಟ), ಆದ್ದರಿಂದ ಆ ಸರಕುಗಳ ಸುಂಕವನ್ನು ತನ್ನಿಷ್ಟದಂತೆ ಗೊತ್ತುಮಾಡಲಾರದು. ಕೆನಡಾ ಮುಕ್ತ ವ್ಯಾಪಾರ ಒಪ್ಪಂದವನ್ನಷ್ಟೇ ಮಾಡಿಕೊಂಡು ದೂರವೇ ನಿಂತಿದೆ. ಹತ್ತಿರ ನಿಂತಷ್ಟೂ ವ್ಯಾಪಾರ ಸುಗಮವಾಗುತ್ತದೆ, ಸ್ವಂತ ನಿಯಮ ಮಾಡುವ ಸ್ವಾತಂತ್ರ್ಯ ಕುಗ್ಗುತ್ತದೆ. ದೂರ ಸರಿದಷ್ಟೂ ಸ್ವಾತಂತ್ರ್ಯ ಹೆಚ್ಚುತ್ತದೆ, ಗಡಿಯಲ್ಲಿ ಕಾಗದ ಹೆಚ್ಚುತ್ತದೆ. ಈ ಎರಡರಲ್ಲಿ ಯಾವುದನ್ನು ಎಷ್ಟು ಬಿಟ್ಟುಕೊಡುತ್ತೀರಿ ಎಂದು ಜನರನ್ನು ನೇರವಾಗಿ ಕೇಳಿದ ನಾಯಕರು ಎರಡೂ ಕಡೆ ನನಗೆ ಕಾಣಲಿಲ್ಲ.

2017ರ ಜನವರಿಯಲ್ಲಿ ಲ್ಯಾಂಕಾಸ್ಟರ್ ಹೌಸಿನ ಭಾಷಣದಲ್ಲಿ ಪ್ರಧಾನಿ ಥೆರೆಸಾ ಮೇ ಅವರು ಏಕ ಮಾರುಕಟ್ಟೆಯಿಂದ ಹೊರಬರುತ್ತೇವೆ ಎಂದು ಕಡ್ಡಿ ಮುರಿದಂತೆ ಹೇಳಿದರು. ಕಸ್ಟಮ್ಸ್ ವಿಚಾರ ಬಂದಾಗ ಮಾತ್ರ ಪೂರ್ಣ ಸದಸ್ಯತ್ವ ಬೇಡ, ಆದರೆ ಅಡೆತಡೆಯಿಲ್ಲದ ವ್ಯಾಪಾರ ಬೇಕು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಎರಡು ವರ್ಷಗಳ ನಂತರ, 2019ರ ಜನವರಿ 15ರಂದು, ಒಕ್ಕೂಟದಿಂದ ಹೊರಬರಲು ಅವರು ತಂದ ಒಪ್ಪಂದ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ 202ಕ್ಕೆ 432 ಮತಗಳಿಂದ ಬಿತ್ತು. ಏಪ್ರಿಲ್ 1ರಂದು ಸಂಸದರು ತಾವೇ ಮುಂದಾಗಿ ಬೇರೆ ಬೇರೆ ದಾರಿಗಳನ್ನು ಮತಕ್ಕೆ ಹಾಕಿಕೊಂಡಾಗ, ಕಸ್ಟಮ್ಸ್ ಒಕ್ಕೂಟದ ಪ್ರಸ್ತಾಪ 273ಕ್ಕೆ 276, ಅಂದರೆ ಕೇವಲ ಮೂರು ಮತಗಳಿಂದ ಸೋತಿತು. ಸ್ವಲ್ಪವಾದರೂ ಬಹಿರಂಗ ಚರ್ಚೆ ಮೊದಲೇ ನಡೆದಿದ್ದರೆ ಆ ಮೂರು ಮತಗಳು ಬೇರೆ ಕಡೆ ಬೀಳುತ್ತಿದ್ದವೋ ಏನೋ. ನಿಮ್ಮ ಅಭಿಪ್ರಾಯಗಳನ್ನು ತಿಳಿಯಬಯಸುತ್ತೇನೆ. ಭಿನ್ನಾಭಿಪ್ರಾಯಗಳಿಗೆ ವಿಶೇಷ ಸ್ವಾಗತ.

ಅಂಗಡಿಕಾರ, ಲೆಸ್ಟರ್

ತುಂಗಾತೀರರೇ, ನಾನು ಹೊರಬರಲು ಮತ ಹಾಕಿದವನು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆದ್ದರಿಂದ ನೇರವಾಗಿಯೇ ಬರೆಯುತ್ತೇನೆ.

ಜನರನ್ನು ಕೇಳಲಿಲ್ಲ ಎಂಬ ನಿಮ್ಮ ಮಾತು ಅರ್ಧ ಮಾತ್ರ ಸರಿ. ನಾರ್ವೆಯ ದಾರಿ ಎಂದರೆ ಐರೋಪ್ಯ ಪ್ರಜೆಗಳಿಗೆ ಮುಕ್ತ ಪ್ರವೇಶ ಮುಂದುವರಿಯುತ್ತದೆ ಎಂದರ್ಥ. ವಲಸೆಯ ಮೇಲೆ ನಮ್ಮ ಸಂಸತ್ತಿಗೇ ಅಧಿಕಾರ ಬರಬೇಕು ಎಂಬುದು ಆ ಪ್ರಚಾರದ ಹೃದಯವಾಗಿತ್ತು. ನಮ್ಮಂಥವರಿಗೆ ಅದರಲ್ಲಿ ಒಂದು ಸ್ವಂತ ನೋವೂ ಇತ್ತು. ಹಾಸನದಿಂದ ಒಬ್ಬ ಅನುಭವಿ ಅಡುಗೆಯವರನ್ನು ಕರೆಸಿಕೊಳ್ಳಲು ನನ್ನ ಸ್ನೇಹಿತರು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದರು, ಸಂಬಳದ ಮಿತಿ ಮುಟ್ಟಲಾಗದೆ ಕೊನೆಗೆ ಕೈಬಿಟ್ಟರು. ಅದೇ ಬೀದಿಯ ಇನ್ನೊಂದು ಹೋಟೆಲಿಗೆ ಯುರೋಪಿನ ಯಾವುದೇ ಊರಿನಿಂದ ಯಾರು ಬೇಕಾದರೂ ವೀಸಾ ಇಲ್ಲದೆ ಬಂದು ಕೆಲಸಕ್ಕೆ ಸೇರಬಹುದಾಗಿತ್ತು. ಈ ತಾರತಮ್ಯ ಹೋಗುತ್ತದೆ ಎಂದು 2016ರಲ್ಲಿ ಆಗ ಮಂತ್ರಿಯಾಗಿದ್ದ ಪ್ರೀತಿ ಪಟೇಲ್ ಅವರು ಭಾರತೀಯ ಊಟದ ಹೋಟೆಲುಗಳನ್ನು ಉಳಿಸುವ ಹೆಸರಿನಲ್ಲೇ ಪ್ರಚಾರ ನಡೆಸಿದ್ದರು. ನಾವು ನಂಬಿದೆವು.

ಇನ್ನು ಆ ಮೂರು ಮತಗಳ ವಿಷಯ. ಎರಡನೆಯ ಜನಮತಗಣನೆ ಸಿಕ್ಕೀತು, ಎಲ್ಲವನ್ನೂ ಅಳಿಸಿಹಾಕಬಹುದು ಎಂಬ ಆಸೆಯಿಂದ ಒಕ್ಕೂಟದಲ್ಲಿ ಉಳಿಯಬೇಕೆಂಬ ಬಣದ ಹಲವು ಸಂಸದರೇ ಕಸ್ಟಮ್ಸ್ ಒಕ್ಕೂಟದ ಪ್ರಸ್ತಾಪಕ್ಕೆ ಕೈ ಎತ್ತಲಿಲ್ಲ. ಅವರು ಪೂರ್ಣ ಗೆಲುವಿಗೆ ಕಾದರು. ಅದರ ಫಲವಾಗಿ 2019ರ ಡಿಸೆಂಬರಿನಲ್ಲಿ ಬೋರಿಸ್ ಜಾನ್ಸನ್ 80 ಸ್ಥಾನಗಳ ಬಹುಮತದೊಂದಿಗೆ ಬಂದರು. ದೂರದ ದಾರಿ ಹಿಡಿದದ್ದಕ್ಕೆ ನಮ್ಮನ್ನು ಮಾತ್ರ ದೂರುವುದು ನ್ಯಾಯವಲ್ಲ.

ತುಂಗಾತೀರ, ರೆಡಿಂಗ್

ಅಂಗಡಿಕಾರರೇ, ನಿಮ್ಮ ಕೊನೆಯ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನಾನು ಕೂಡ ಆಗ ಎರಡನೆಯ ಜನಮತಗಣನೆ ಕೇಳುವ ಲಂಡನ್ನಿನ ಮೆರವಣಿಗೆಯಲ್ಲಿ ನಡೆದವನೇ, ನಡುವಿನ ದಾರಿಗೆ ಬೆಂಬಲ ಕೊಡಿ ಎಂದು ನಮ್ಮ ಸಂಸದರಿಗೆ ಒಂದು ಪತ್ರವನ್ನೂ ಬರೆಯಲಿಲ್ಲ.

ಸರಕು ಕಾಗದ, ಆಶ್‌ಫರ್ಡ್

ನಾನು ಕೆಂಟಿನಲ್ಲಿ ಕಸ್ಟಮ್ಸ್ ಏಜೆಂಟ್ ಕೆಲಸ ಮಾಡುತ್ತೇನೆ. ಮೇಲಿನವರು ಹೇಳಿದ 'ಗಡಿಯಲ್ಲಿ ಕಾಗದ ಹೆಚ್ಚುತ್ತದೆ' ಎಂಬ ಮೂರು ಪದಗಳ ಒಳಗೆ ನಮ್ಮ ಇಡೀ ದಿನಚರಿ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳುವುದು ನನ್ನ ಕರ್ತವ್ಯ ಎನಿಸಿತು.

2020ರ ಡಿಸೆಂಬರ್ 24ರಂದು ಒಕ್ಕೂಟದೊಂದಿಗೆ ವ್ಯಾಪಾರ ಒಪ್ಪಂದ ಕುದುರಿತು ಎಂಬ ಸುದ್ದಿ ಬಂದಾಗ ಪತ್ರಿಕೆಗಳೆಲ್ಲ 'ಶೂನ್ಯ ಸುಂಕ, ಶೂನ್ಯ ಕೋಟಾ' ಎಂದು ಬರೆದವು. ಅದು ನಿಜವೂ ಹೌದು. ಆದರೆ ಶೂನ್ಯ ಸುಂಕ ತಾನಾಗಿ ಸಿಗುವುದಿಲ್ಲ. ಸರಕು ಬ್ರಿಟನ್ನಿನಲ್ಲೇ ತಯಾರಾದದ್ದು, ಅಥವಾ ಅದರ ಸಾಕಷ್ಟು ಪಾಲು ಇಲ್ಲಿನದು ಅಥವಾ ಒಕ್ಕೂಟದ ದೇಶಗಳದು ಎಂದು ಮೂಲದ ನಿಯಮದ ಪ್ರಕಾರ ತೋರಿಸಬೇಕು. ಭಾರತದಿಂದ ತಂದ ಅಕ್ಕಿಯನ್ನೋ ಬಟ್ಟೆಯನ್ನೋ ಲೆಸ್ಟರಿನಲ್ಲಿ ಪೊಟ್ಟಣ ಬದಲಿಸಿ ಡಬ್ಲಿನ್ನಿಗೆ ಕಳುಹಿಸಿದರೆ ಅದು ಬ್ರಿಟನ್ನಿನ ಸರಕಾಗುವುದಿಲ್ಲ, ಸುಂಕ ಕಟ್ಟಲೇಬೇಕು. ನಮ್ಮವರೇ ನಡೆಸುವ ಎಷ್ಟೋ ಸಣ್ಣ ಸಗಟು ವ್ಯಾಪಾರಗಳು ಈ ಒಂದು ನಿಯಮಕ್ಕೆ ಸಿಕ್ಕಿ ನಲುಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಹಾರ ಪದಾರ್ಥವಾದರೆ ಇನ್ನೂ ಕಷ್ಟ. ಮಾಂಸ, ಮೀನು, ಹಾಲಿನ ಉತ್ಪನ್ನಗಳಿಗೆ ಆರೋಗ್ಯ ಪ್ರಮಾಣಪತ್ರ ಬೇಕು, ಅದಕ್ಕೆ ಅಧಿಕಾರ ಪಡೆದ ಪಶುವೈದ್ಯರೋ ಅಧಿಕಾರಿಯೋ ಸಹಿ ಹಾಕಬೇಕು. ಒಂದೇ ಲಾರಿಯಲ್ಲಿ ಹತ್ತು ಜನರ ಸರಕು ಹೋಗುವಾಗ ಒಬ್ಬರ ಕಾಗದದಲ್ಲಿ ಒಂದು ಸಂಖ್ಯೆ ತಪ್ಪಿದರೂ ಉಳಿದ ಒಂಬತ್ತು ಜನರ ಸರಕು ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ನಿಲ್ಲುತ್ತದೆ. ದೊಡ್ಡ ಕಂಪನಿಗೆ ಈ ಖರ್ಚು ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಒಂದು ಪತ್ರದ ಮೇಲೆ ಒಂದು ಲಾರಿ ತುಂಬ ಕಳುಹಿಸುತ್ತದೆ. ವಾರಕ್ಕೆ ಎರಡು ಪೆಟ್ಟಿಗೆ ಚೀಸ್ ಕಳುಹಿಸುವವರಿಗೆ ಮೂಗಿಗಿಂತ ಮೂಗುತಿ ಭಾರ. ಅಂಥವರು ಒಬ್ಬೊಬ್ಬರಾಗಿ ಯುರೋಪಿನ ಗಿರಾಕಿಗಳನ್ನು ಬಿಟ್ಟರು. ಅವರ ಹೆಸರು ಯಾವ ಸುದ್ದಿಯಲ್ಲೂ ಬರಲಿಲ್ಲ.

2021ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಸಿಗಡಿ, ಏಡಿ ಸಾಗಿಸುವವರು ಲಾರಿಗಳನ್ನು ತಂದು ಲಂಡನ್ನಿನ ವೈಟ್‌ಹಾಲ್ ರಸ್ತೆಯಲ್ಲಿ ನಿಲ್ಲಿಸಿ ಪ್ರತಿಭಟಿಸಿದ್ದು ನಿಮಗೆ ನೆನಪಿರಬಹುದು. ತಾಜಾ ಮಾಲಿಗೆ ಒಂದು ದಿನದ ವಿಳಂಬವೆಂದರೆ ಬೆಲೆಯೇ ಹೋದಂತೆ. ಇತ್ತ ನಮ್ಮ ಸರ್ಕಾರ ಯುರೋಪಿನಿಂದ ಒಳಬರುವ ಆಹಾರದ ತಪಾಸಣೆಯನ್ನು ಮತ್ತೆ ಮತ್ತೆ ಮುಂದೂಡಿ, ಗಡಿಯಲ್ಲಿ ಸರಕನ್ನು ತೆರೆದು ನೋಡುವ ತಪಾಸಣೆಯನ್ನು 2024ರ ಏಪ್ರಿಲ್ 30ರಂದು ಶುರುಮಾಡಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ನಮ್ಮ ಸರಕು ಅಲ್ಲಿ ತಪಾಸಣೆಗೆ ನಿಂತಿತು, ಅವರ ಸರಕು ಇಲ್ಲಿಗೆ ಸಲೀಸಾಗಿ ಬಂತು. ಹೊರಬರಬೇಕೆಂದವರೂ ಇದನ್ನು ಬಯಸಿರಲಿಲ್ಲ ಎಂದು ನನಗೆ ಗೊತ್ತು.

ಅಂಗಡಿಕಾರ, ಲೆಸ್ಟರ್

ಸರಕು ಕಾಗದ ಅವರಿಗೆ ಧನ್ಯವಾದ. ಈ ತೊಂದರೆಗಳನ್ನು ನಾನು ಅಲ್ಲಗಳೆಯುವುದಿಲ್ಲ, ಡಬ್ಲಿನ್ನಿನ ಗಿರಾಕಿಗಳನ್ನು ನಾನೂ ಕಳೆದುಕೊಂಡಿದ್ದೇನೆ. ಆದರೆ ಬ್ರಿಟನ್ನಿನ ಪರವಾಗಿ ಮಾತುಕತೆಯ ನೇತೃತ್ವ ವಹಿಸಿದ್ದ ಡೇವಿಡ್ ಫ್ರಾಸ್ಟ್ ಅವರು 2020ರ ಫೆಬ್ರವರಿಯಲ್ಲಿ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸಿನಲ್ಲೇ ನಿಂತು, ಸ್ವಂತ ನಿಯಮ ಮಾಡುವ ಹಕ್ಕು ಚೌಕಾಶಿಯ ವಸ್ತುವಲ್ಲ, ಇಡೀ ಯೋಜನೆಯ ಉದ್ದೇಶವೇ ಅದು ಎಂಬರ್ಥದ ಮಾತು ಹೇಳಿದ್ದರು. ಇದರಲ್ಲಿ ಮುಚ್ಚುಮರೆ ಇರಲಿಲ್ಲ. ಮೀನುಗಾರಿಕೆ, ಸಮಾನ ಸ್ಪರ್ಧೆಯ ನಿಯಮ (ಒಂದು ಕಡೆಯವರು ನಿಯಮ ಸಡಿಲಿಸಿ ಅಗ್ಗಕ್ಕೆ ಮಾರದಂತೆ ತಡೆಯುವುದು), ವಿವಾದವನ್ನು ಯಾರು ಬಗೆಹರಿಸಬೇಕು ಎಂಬ ಮೂರು ವಿಷಯಗಳ ಮೇಲೆ ವರ್ಷವಿಡೀ ಹಗ್ಗಜಗ್ಗಾಟ ನಡೆದದ್ದು ಆ ಹಕ್ಕಿಗಾಗಿಯೇ.

ತುಂಗಾತೀರ, ರೆಡಿಂಗ್

ಮೀನುಗಾರಿಕೆಯನ್ನು ನೀವೇ ಪ್ರಸ್ತಾಪಿಸಿದ್ದೀರಿ. ದೇಶದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಸುಮಾರು ಶೇ 0.1. ಆದರೂ ಕೊನೆಯ ದಿನದವರೆಗೆ ಮಾತುಕತೆ ಅದರ ಮೇಲೆ ನಿಂತಿತ್ತು. ಕಡೆಗೆ ಸಿಕ್ಕಿದ್ದೇನು? ಬ್ರಿಟನ್ನಿನ ನೀರಿನಲ್ಲಿ ಒಕ್ಕೂಟದ ದೋಣಿಗಳು ಹಿಡಿಯುತ್ತಿದ್ದ ಮೀನಿನ ಮೌಲ್ಯದ ಕಾಲು ಭಾಗ, ಅದೂ ಐದೂವರೆ ವರ್ಷಗಳಲ್ಲಿ ಹಂತಹಂತವಾಗಿ. 2025ರ ಮೇ 19ರ ಶೃಂಗಸಭೆಯಲ್ಲಿ ಐರೋಪ್ಯ ದೋಣಿಗಳ ಪ್ರವೇಶವನ್ನು 2038ರವರೆಗೆ ವಿಸ್ತರಿಸಲಾಯಿತು. ಕರಾವಳಿಯ ಊರುಗಳಿಗೆ ಸಮುದ್ರವೆಂದರೆ ಬರೀ ಅಂಕಿಯಲ್ಲ ಎಂಬುದನ್ನು ಮಲ್ಪೆ, ಕಾರವಾರ ಕಂಡ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಕೊಟ್ಟ ಮಾತು ಅಷ್ಟು ದೊಡ್ಡದಾಗಿತ್ತು ಎಂಬುದೇ ನನ್ನ ಸಂಕಟ. ಅತ್ತ ದೇಶದ ಆರ್ಥಿಕತೆಯ ಬಹುಪಾಲಾಗಿರುವ ಸೇವಾ ವಲಯದ ಬಗ್ಗೆ ಒಪ್ಪಂದದಲ್ಲಿ ಇದ್ದದ್ದು ಬಹಳ ಕಡಿಮೆ, ಅದರ ಬಗ್ಗೆ ಬೀದಿಯಲ್ಲಿ ಯಾರೂ ಕೂಗಲಿಲ್ಲ.

ಇನ್ನು ಮುಚ್ಚುಮರೆಯ ಪ್ರಶ್ನೆ. ಸಾವಿರದ ಇನ್ನೂರಕ್ಕೂ ಹೆಚ್ಚು ಪುಟಗಳ ಒಪ್ಪಂದ ಕ್ರಿಸ್‌ಮಸ್ ಹಿಂದಿನ ದಿನ ಸಿದ್ಧವಾಯಿತು. ಡಿಸೆಂಬರ್ 30ರಂದು ಕಾಮನ್ಸ್ ಸಭೆ ಅದನ್ನು ಜಾರಿಗೊಳಿಸುವ ಮಸೂದೆಗೆ 73ರ ವಿರುದ್ಧ 521 ಮತಗಳಿಂದ ಒಪ್ಪಿಗೆ ಕೊಟ್ಟಿತು. ಎಲ್ಲ ಹಂತಗಳೂ ಒಂದೇ ದಿನದಲ್ಲಿ ಮುಗಿದವು. ಸಂಸತ್ತಿಗೆ ಅಧಿಕಾರ ಮರಳಿಸುವ ಹೋರಾಟದ ಅತಿ ಮುಖ್ಯ ದಾಖಲೆಯನ್ನು ಓದಲು ಸಂಸತ್ತಿಗೇ ಸಮಯ ಸಿಗಲಿಲ್ಲ.

ಶುಶ್ರೂಷಕಿ, ಬೆಲ್‌ಫಾಸ್ಟ್

ನಾನು ಪುತ್ತೂರಿನವಳು, ಹಲವು ವರ್ಷಗಳಿಂದ ಬೆಲ್‌ಫಾಸ್ಟಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ನೀವೆಲ್ಲರೂ ಫ್ರಾನ್ಸಿನ ಎದುರಿನ ಡೋವರ್ ಬಂದರಿನ ಗಡಿಯ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಗಡಿಯ ವಿಷಯ ಇಂಗ್ಲೆಂಡಿನಲ್ಲಿ ಜನಮತಗಣನೆಗೆ ಮೊದಲು ಯಾರ ಬಾಯಲ್ಲೂ ಬಂದಿದ್ದು ನನಗೆ ನೆನಪಿಲ್ಲ. ಉತ್ತರ ಐರ್ಲೆಂಡಿನಲ್ಲಿ ಶೇ 55.8 ಮಂದಿ ಉಳಿಯಲು ಮತ ಹಾಕಿದ್ದರು.

1998ರ ಶಾಂತಿ ಒಪ್ಪಂದದ ನಂತರ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದ ಸದಸ್ಯ ದೇಶವಾದ ದಕ್ಷಿಣದ ಐರ್ಲೆಂಡಿನ ನಡುವಿನ ಸುಮಾರು 500 ಕಿಲೋಮೀಟರ್ ಗಡಿಯಲ್ಲಿ ಕಾವಲು ಠಾಣೆಗಳು ಇಲ್ಲವಾದವು. ನನ್ನ ಹಿರಿಯ ಸಹೋದ್ಯೋಗಿಗಳು ಸೈನಿಕರ ತಪಾಸಣೆಯ ದಿನಗಳನ್ನು ನೆನೆಸಿಕೊಂಡು ಮಾತನಾಡುವಾಗ ದನಿ ತಗ್ಗಿಸುತ್ತಾರೆ. ಬ್ರಿಟನ್ ಏಕ ಮಾರುಕಟ್ಟೆಯನ್ನೂ ಕಸ್ಟಮ್ಸ್ ಒಕ್ಕೂಟವನ್ನೂ ಬಿಟ್ಟ ಮೇಲೆ ಸರಕಿನ ತಪಾಸಣೆ ಎಲ್ಲಾದರೂ ಒಂದು ಕಡೆ ಆಗಲೇಬೇಕಿತ್ತು. ಭೂಗಡಿಯಲ್ಲಿ ಬೇಡ ಎಂದಾಗ ಉಳಿದದ್ದು ಸಮುದ್ರ. ಅಂದರೆ ಸ್ಕಾಟ್ಲೆಂಡಿನ ಕೇರ್ನ್‌ರಯನ್ನಿನಿಂದ ಇಲ್ಲಿನ ಲಾರ್ನಿಗೆ ಹಡಗಿನಲ್ಲಿ ಬರುವ ಸರಕಿಗೆ, ಒಂದೇ ದೇಶದೊಳಗೆ, ಕಾಗದ ಬೇಕಾಯಿತು. 2019ರ ನವೆಂಬರಿನಲ್ಲಿ ಪ್ರಧಾನಿ ಜಾನ್ಸನ್ ಇಲ್ಲಿನ ವ್ಯಾಪಾರಿಗಳ ಮುಂದೆ, ಯಾರಾದರೂ ಅರ್ಜಿ ತುಂಬಿಸಲು ಹೇಳಿದರೆ ಕಸದ ಬುಟ್ಟಿಗೆ ಹಾಕಿ ಎಂದು ಹೇಳಿ ಹೋಗಿದ್ದರು. 2021ರ ಜನವರಿಯಲ್ಲಿ ಅರ್ಜಿಗಳು ಬಂದವು, ಕಸದ ಬುಟ್ಟಿಗೆ ಹಾಕಲು ಯಾರಿಗೂ ಆಗಲಿಲ್ಲ.

ನಾನು ಹೋಗುವ ಏಷ್ಯನ್ ಅಂಗಡಿಯಲ್ಲಿ ಆ ಚಳಿಗಾಲದಲ್ಲಿ ಪನೀರ್ ಇಲ್ಲ, ತುಪ್ಪ ಇಲ್ಲ, ಗಟ್ಟಿ ಮೊಸರೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಸಗಟು ವ್ಯಾಪಾರಿ ಇನ್ನು ಕಳುಹಿಸುವುದಿಲ್ಲ ಎಂದರಂತೆ. ಅದು ಸಣ್ಣ ತೊಂದರೆ, ಬದುಕಿಕೊಂಡೆವು. ದೊಡ್ಡ ತೊಂದರೆ ಎಂದರೆ ಬ್ರಿಟನ್ನಿನೊಂದಿಗೇ ಇರಬೇಕೆನ್ನುವ ಯೂನಿಯನಿಸ್ಟ್ ಕುಟುಂಬಗಳಿಗೆ ತಮ್ಮನ್ನು ಬ್ರಿಟನ್ನಿನಿಂದ ಬೇರ್ಪಡಿಸಿದರು ಎಂಬ ಆಳವಾದ ನೋವು. 2022ರ ಫೆಬ್ರವರಿಯಲ್ಲಿ ಯೂನಿಯನಿಸ್ಟರ ದೊಡ್ಡ ಪಕ್ಷವಾದ ಡಿಯುಪಿ ಇಲ್ಲಿನ ಆಡಳಿತದಿಂದ ಹೊರನಡೆದು, ಎರಡು ವರ್ಷ ನಮಗೆ ಪೂರ್ಣ ಅಧಿಕಾರದ ಸರ್ಕಾರವೇ ಇರಲಿಲ್ಲ. ಆ ಅವಧಿಯಲ್ಲಿ ಆಸ್ಪತ್ರೆಯಲ್ಲಿ ಯಾವ ದೊಡ್ಡ ನಿರ್ಧಾರವನ್ನೂ ತೆಗೆದುಕೊಳ್ಳಲು ಪೂರ್ಣ ಅಧಿಕಾರದ ಮಂತ್ರಿಯಿರಲಿಲ್ಲ, ಸಂಬಳಕ್ಕಾಗಿ ನಾವು ಮುಷ್ಕರ ಹೂಡಿದೆವು. 2023ರ ಫೆಬ್ರವರಿಯ ವಿಂಡ್ಸರ್ ಒಪ್ಪಂದದಿಂದ, ಇಲ್ಲೇ ಉಳಿಯುವ ಸರಕಿಗೆ ಹಸಿರು ದಾರಿ, ದಕ್ಷಿಣಕ್ಕೆ ದಾಟಬಹುದಾದ ಸರಕಿಗೆ ಕೆಂಪು ದಾರಿ ಎಂದು ವಿಂಗಡಿಸಿದ ಮೇಲೆ ಸ್ವಲ್ಪ ಸುಧಾರಿಸಿತು. ವ್ಯಾಪಾರ ಒಪ್ಪಂದದ ಒಂದು ಸಾಲು ಆಸ್ಪತ್ರೆಯ ವಾರ್ಡಿನ ತನಕ ಬರುತ್ತದೆ ಎಂಬುದನ್ನು ಇಂಗ್ಲೆಂಡಿನ ಸಹೋದರರು ಗಮನಿಸಬೇಕೆಂದು ವಿನಂತಿ.

ಅಂಗಡಿಕಾರ, ಲೆಸ್ಟರ್

ತಂಗಿ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮತ ಹಾಕುವಾಗ ನಾನು ಐರ್ಲೆಂಡಿನ ಗಡಿಯ ಬಗ್ಗೆ ಯೋಚಿಸಿರಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ.

ಆದರೂ ಹೊರಬಂದದ್ದರಿಂದ ಲಾಭವೇ ಇಲ್ಲ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. 2020ರ ಡಿಸೆಂಬರಿನಲ್ಲಿ ಕೋವಿಡ್ ಲಸಿಕೆಗೆ ಯುರೋಪಿಗಿಂತ ಮೊದಲೇ ಅನುಮತಿ ಕೊಟ್ಟೆವು. 2025ರಲ್ಲಿ ಅಮೆರಿಕ ಸುಂಕ ಏರಿಸಿದಾಗ ಬ್ರಿಟನ್ನಿಗೆ ಮೂಲ ಸುಂಕ ಶೇ 10ಕ್ಕೆ ನಿಂತಿತು, ಒಕ್ಕೂಟಕ್ಕೆ ಶೇ 15 ಆಯಿತು. ಅದೇ ವರ್ಷದ ಜುಲೈ 24ರಂದು ಭಾರತದೊಂದಿಗೆ ಒಪ್ಪಂದಕ್ಕೆ ಸಹಿಯಾಯಿತು. ಒಕ್ಕೂಟದಲ್ಲಿ ಇದ್ದಿದ್ದರೆ ಬ್ರಿಟನ್ ಸ್ವತಂತ್ರವಾಗಿ ಆ ಸಹಿ ಹಾಕಲು ಸಾಧ್ಯವೇ ಇರಲಿಲ್ಲ.

ತುಂಗಾತೀರ, ರೆಡಿಂಗ್

ಲಸಿಕೆಯ ಮಾತು ಸರಿಯಲ್ಲ, ದಯವಿಟ್ಟು ತಿದ್ದಿಕೊಳ್ಳಿ. 2020ರ ಡಿಸೆಂಬರ್ 2ರಂದು ಆ ಅನುಮತಿ ಕೊಟ್ಟಾಗ ಬ್ರಿಟನ್ ಪರಿವರ್ತನೆಯ ಅವಧಿಯಲ್ಲಿತ್ತು, ಒಕ್ಕೂಟದ ಕಾನೂನೇ ಜಾರಿಯಲ್ಲಿತ್ತು. ತುರ್ತು ಸಂದರ್ಭದಲ್ಲಿ ಯಾವುದೇ ಸದಸ್ಯ ದೇಶ ಹಾಗೆ ಮಾಡಲು ಆ ಕಾನೂನಿನಲ್ಲೇ ಅವಕಾಶವಿತ್ತು. ಅಮೆರಿಕದ ಸುಂಕ ಮತ್ತು ಭಾರತದ ಒಪ್ಪಂದದ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅದನ್ನು ನಾನು ತೇಲಿಸಿಬಿಡುವುದಿಲ್ಲ.

ತೂಕ ಮಾತ್ರ ನೋಡಿ. ಭಾರತದ ಒಪ್ಪಂದದಿಂದ ದೀರ್ಘಾವಧಿಯಲ್ಲಿ ವರ್ಷಕ್ಕೆ 4.8 ಬಿಲಿಯನ್ ಪೌಂಡ್, ಅಂದರೆ ಒಟ್ಟು ಉತ್ಪನ್ನದ ಶೇ 0.13ರಷ್ಟು ಹೆಚ್ಚಳವಾಗುತ್ತದೆ ಎಂಬುದು ಬ್ರಿಟಿಷ್ ಸರ್ಕಾರದ್ದೇ ಅಂದಾಜು. ಆಸ್ಟ್ರೇಲಿಯಾದ ಒಪ್ಪಂದಕ್ಕೆ ಅಂದಾಜು ಮಾಡಿದ್ದು ಶೇ 0.08. ಅದರ ಮಾತುಕತೆಯ ಕಾಲದಲ್ಲಿ ಕೃಷಿ ಮಂತ್ರಿಯಾಗಿದ್ದ ಜಾರ್ಜ್ ಯೂಸ್ಟಿಸ್ ಅವರೇ 2022ರಲ್ಲಿ ಅದು ಅಂಥ ಒಳ್ಳೆಯ ಒಪ್ಪಂದವಲ್ಲ ಎಂದು ಸಂಸತ್ತಿನಲ್ಲಿ ಹೇಳಿದರು. ಇನ್ನೊಂದು ತಕ್ಕಡಿಯಲ್ಲಿ, ಒಕ್ಕೂಟದಲ್ಲೇ ಇದ್ದಿದ್ದರೆ ಇರಬಹುದಾಗಿದ್ದ ಮಟ್ಟಕ್ಕಿಂತ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ಬಜೆಟ್ ಹೊಣೆಗಾರಿಕೆ ಕಚೇರಿ ಲೆಕ್ಕ ಹಾಕಿದೆ. ಎರಡೂ ಅಂದಾಜುಗಳೇ. ಆದರೆ ಪಕ್ಕದ ಮನೆಯೊಂದಿಗಿನ ವ್ಯಾಪಾರಕ್ಕೆ ಸಾವಿರಾರು ಮೈಲಿ ದೂರದ ವ್ಯಾಪಾರ ಸಾಟಿಯಾಗುವುದು ಕಷ್ಟ.

ಸಿದ್ಧ ಉಡುಪು, ಬೆಂಗಳೂರು

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಗಾರ್ಮೆಂಟ್ಸ್ ಘಟಕವಿದೆ. ನಿಮ್ಮ ಚರ್ಚೆಯಲ್ಲಿ ನಮಗೆ ನೇರವಾಗಿ ತಟ್ಟುವ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ.

ಬ್ರಿಟನ್ನಿಗೆ ಹೋಗುವ ನಮ್ಮ ಬಟ್ಟೆಗೆ ಶೇ 12ರವರೆಗೆ ಸುಂಕ ಬೀಳುತ್ತಿತ್ತು, ಬಾಂಗ್ಲಾದೇಶದ ಬಟ್ಟೆಗೆ ಸುಂಕವೇ ಇರಲಿಲ್ಲ. ಒಂದು ಅಂಗಿಯ ಮೇಲೆ ಕೆಲವೇ ರೂಪಾಯಿ ಉಳಿಯುವ ಈ ಉದ್ಯೋಗದಲ್ಲಿ ಆ ಅಂತರ ದಾಟುವುದು ಸಾಧ್ಯವೇ ಇರಲಿಲ್ಲ. ಹೊಸ ಒಪ್ಪಂದದ ಪ್ರಕಾರ ಆ ಸುಂಕ ಹೋಗುತ್ತದೆ. ನಮ್ಮ ಹೊಲಿಗೆ ಸಾಲಿನಲ್ಲಿ ಕೂತವರು ಬಹುತೇಕ ಹೆಣ್ಣುಮಕ್ಕಳು, ತುಮಕೂರು, ಮಂಡ್ಯ, ರಾಮನಗರದ ಕಡೆಯಿಂದ ಬಂದವರು. ಅವರ ಮಟ್ಟಿಗೆ ಬ್ರೆಕ್ಸಿಟ್‌ನಿಂದ ಒಂದು ಬಾಗಿಲು ತೆರೆದಿದೆ. ಅದಕ್ಕೆ ಪ್ರತಿಯಾಗಿ ಸ್ಕಾಚ್ ವಿಸ್ಕಿಯ ಸುಂಕವನ್ನು ಭಾರತ ಶೇ 150ರಿಂದ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಸುತ್ತದೆ. ಶೇ 100ಕ್ಕಿಂತ ಹೆಚ್ಚಿದ್ದ ಕಾರಿನ ಸುಂಕವೂ ಕೋಟಾದ ಮಿತಿಯೊಳಗೆ ಶೇ 10ಕ್ಕೆ ಬರುತ್ತದೆ.

ಎರಡು ಪ್ರಶ್ನೆಗಳಿವೆ. ಸಂಸತ್ತಿಗೆ ಓದಲು ಒಂದೇ ದಿನ ಸಿಕ್ಕಿತು ಎಂದು ತುಂಗಾತೀರರು ನೊಂದುಕೊಂಡಿದ್ದಾರೆ. ನಮ್ಮಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಚಿವ ಸಂಪುಟದ ಒಪ್ಪಿಗೆ ಸಾಕು, ಸಂಸತ್ತು ಮತ ಹಾಕಬೇಕೆಂಬ ನಿಯಮವೇ ಇಲ್ಲ. ಹಾಗಾದರೆ ಆ ಒಂದು ದಿನವನ್ನೂ ನಾವು ಕೇಳಬೇಕಲ್ಲವೇ? ಎರಡನೆಯದು, ಬ್ರಿಟನ್ ಮತ್ತೆ ಐರೋಪ್ಯ ಕಸ್ಟಮ್ಸ್ ಒಕ್ಕೂಟಕ್ಕೆ ಸೇರಬೇಕು ಎಂಬ ಬೇಡಿಕೆ ಅಲ್ಲಿ ಈಗಲೂ ಇದೆ ಎಂದು ಓದುತ್ತೇನೆ. ಸೇರಿದರೆ ನಮ್ಮ ಈ ಶೂನ್ಯ ಸುಂಕದ ಗತಿಯೇನು?

ಸರಕು ಕಾಗದ, ಆಶ್‌ಫರ್ಡ್

ಎರಡನೆಯ ಪ್ರಶ್ನೆಗೆ ನನ್ನ ವೃತ್ತಿಯಿಂದ ಉತ್ತರಿಸಬಲ್ಲೆ. ಕಸ್ಟಮ್ಸ್ ಒಕ್ಕೂಟ ಎಂದರೆ ಹೊರಗಿನ ದೇಶಗಳ ಸರಕಿಗೆ ಎಲ್ಲ ಸದಸ್ಯರೂ ಒಂದೇ ಸುಂಕ ವಿಧಿಸುವುದು. ಸೇರಿದ ದಿನದಿಂದ ನಿಮ್ಮ ಅಂಗಿಗೆ ಬ್ರಿಟನ್ನಿನಲ್ಲಿ ಎಷ್ಟು ಸುಂಕ ಎಂಬುದನ್ನು ಲಂಡನ್ ಗೊತ್ತುಮಾಡಲಾಗುವುದಿಲ್ಲ. ಭಾರತದೊಂದಿಗೆ ಮಾಡಿಕೊಂಡ ಸರಕಿನ ಒಪ್ಪಂದವನ್ನು ಬಿಡಬೇಕಾಗುತ್ತದೆ, ಇಲ್ಲವೇ ಬ್ರಸೆಲ್ಸಿನ ಸುಂಕಕ್ಕೆ ಹೊಂದಿಸಬೇಕಾಗುತ್ತದೆ. ನನ್ನ ಗಿರಾಕಿಗಳ ಕಾಗದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ನಿಮ್ಮ ಬಾಗಿಲು ಯಾವ ಅಳತೆಗೆ ತೆರೆದಿರಬೇಕು ಎಂಬುದನ್ನು ಬೇರೆಯವರು ಹೇಳುತ್ತಾರೆ.

ತುಂಗಾತೀರ, ರೆಡಿಂಗ್

ಪೀಣ್ಯದ ಮಿತ್ರರೇ, ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಹೌದು, ಕೇಳಬೇಕು. ಎರಡನೆಯ ಪ್ರಶ್ನೆ ನನ್ನನ್ನು ಇಕ್ಕಟ್ಟಿಗೆ ಸಿಲುಕಿಸಿದೆ. ಕಸ್ಟಮ್ಸ್ ಒಕ್ಕೂಟಕ್ಕೆ ಮರಳಬೇಕು ಎಂದು ನಮ್ಮ ಸಂಸದರಿಗೆ ಪತ್ರ ಬರೆಯಲು ಕೂತಿದ್ದೆ. ನಿಮ್ಮ ಹೊಲಿಗೆ ಸಾಲಿನ ಹೆಣ್ಣುಮಕ್ಕಳ ವಿಷಯವನ್ನೂ ಬೆಲ್‌ಫಾಸ್ಟಿನ ಅಂಗಡಿಯ ವಿಷಯವನ್ನೂ ಅದೇ ಪತ್ರದಲ್ಲಿ ಬರೆಯುತ್ತೇನೆ, ಯಾವುದನ್ನು ಬಿಟ್ಟುಕೊಡಲು ನಾನು ಸಿದ್ಧನಿದ್ದೇನೆ ಎಂಬುದನ್ನೂ ಬರೆಯುತ್ತೇನೆ. ಅಂಗಡಿಕಾರರು ಒಪ್ಪಿದರೆ ಕಳುಹಿಸುವ ಮೊದಲು ಕರಡನ್ನು ಅವರಿಗೆ ತೋರಿಸುತ್ತೇನೆ.

ಅಂಗಡಿಕಾರ, ಲೆಸ್ಟರ್

ಕಳುಹಿಸಿ. ಒಪ್ಪದ ಕಡೆಯಲ್ಲೆಲ್ಲ ಗುರುತು ಹಾಕಿ ಹಿಂದಿರುಗಿಸುತ್ತೇನೆ.